ಡ್ಯಾಶ್‌ಬೋರ್ಡಿನಲ್ಲೊಂದು ಗೂಡು

ನಿಮ್ಮ ಕಾರಿನ ಗ್ಲೋವ್ ಬಾಕ್ಸಿನಲ್ಲಿ ಗ್ಲೋವ್ಸ್ ಇದೆಯಾ? ಚಾನ್ಸೇ ಇಲ್ಲ ಬಿಡಿ. ನಾನಂತೂ ಇದುವರೆಗೆ ಒಬ್ಬರ ಕಾರಲ್ಲೂ ನೋಡಿಲ್ಲ. ನಮ್ಮ ಕಾರಿನದರಲ್ಲಿ ಏನೇನಿದೆ ಅಂತ ಹೇಳಿಬಿಡ್ತೀನಿ. ಅವಧಿ ಮುಗಿದ ನಾಲ್ಕು ಎಮಿಷನ್ ಸರ್ಟಿಫಿಕೇಟು, ಧರ್ಮಸ್ಥಳದ ಕುಂಕುಮದ ಪೊಟ್ಟಣ ಎರಡು (ಅದರಲ್ಲೊಂದು ಒಡೆದು ನಾಲ್ಕೂ ಸರ್ಟಿಫಿಕೇಟಿಗೆ ಅರ್ಚನೆಯಾಗಿದೆ), ಫಾಸ್ಟ್ಯಾಗ್ ಬರುವುದಕ್ಕೆ ಮುಂಚಿನ ಟೋಲ್ ಚೀಟಿಗಳು, ಮನೆಯ ಯಾವ ಫೋನಿಗೂ ಹೊಂದದ ಒಂದು ಚಾರ್ಜರ್ ವೈರು, ಒಂದು ಕಾಲು ಮುರಿದ ಕೂಲಿಂಗ್ ಗ್ಲಾಸು, ಯಾರದೋ ಮದುವೆಯ ತಾಂಬೂಲದಲ್ಲಿ ಬಂದ ಎರಡು ಅಡಿಕೆ. ಆರ್‌ಸಿ, ಇನ್ಶೂರೆನ್ಸು ಕೂಡ ಅಲ್ಲಿಲ್ಲ, ಅವು ಫೋನಿನಲ್ಲಿವೆ. 2018ರಿಂದ ಡಿಜಿಲಾಕರ್‌ನಲ್ಲಿರುವ ದಾಖಲೆಯನ್ನೂ ಪೊಲೀಸರು ಒಪ್ಪಬೇಕು ಅಂತಾದ ಮೇಲೆ ಆ ಡಬ್ಬಕ್ಕಿದ್ದ ಕೊನೆಯ ಘನವಾದ ಕೆಲಸವೂ ಹೋಯಿತು.

ಆ ಹೆಸರು ಬಂದಿದ್ದಕ್ಕೆ ಕಾರಣ ಮಾತ್ರ ನಿಜವಾದದ್ದೇ. ಮೊದಮೊದಲ ಕಾರುಗಳಿಗೆ ಮೇಲೆ ಸೂರಿರಲಿಲ್ಲ, ಎಷ್ಟೋ ಕಾರುಗಳಿಗೆ ಮುಂದೆ ಗಾಜೂ ಇರಲಿಲ್ಲ. ಚಳಿದೇಶದಲ್ಲಿ ಹಾಗೆ ಹೋದರೆ ಕೈ ಮರಗಟ್ಟಿ ಸ್ಟಿಯರಿಂಗ್ ಹಿಡಿಯೋದೇ ಕಷ್ಟ. ಇಂಗ್ಲೆಂಡಿನಲ್ಲಿ ಡೊರೊತಿ ಲೆವಿಟ್ ಅಂತ ಒಬ್ಬ ಹೆಂಗಸಿದ್ದರು, ರೇಸಿನಲ್ಲಿ ಕಾರು ಓಡಿಸುತ್ತಿದ್ದವರು. 1909ರಲ್ಲಿ 'ದಿ ವುಮನ್ ಆಂಡ್ ದಿ ಕಾರ್' ಅನ್ನೋ ಪುಸ್ತಕ ಬರೆದರು. ಸೀಟಿನ ಕೆಳಗಿನ ಪುಟ್ಟ ಡ್ರಾಯರಿನಲ್ಲಿ ಏನೇನು ಇಟ್ಟುಕೊಂಡಿರಬೇಕು ಅಂತ ಅದರಲ್ಲಿ ಹೇಳಿದ್ದಾರೆ. ಕೈಗವಸು, ಕರವಸ್ತ್ರ, ಸ್ವಲ್ಪ ಚಾಕಲೇಟು, ಒಂದು ಕೈಗನ್ನಡಿ. ಕನ್ನಡಿ ಬರೀ ಮುಖ ನೋಡಿಕೊಳ್ಳೋಕಲ್ಲ, ಆಗಾಗ ಎತ್ತಿ ಹಿಡಿದು ಹಿಂದೆ ಯಾರು ಬರ್ತಿದಾರೆ ಅಂತ ನೋಡೋದಕ್ಕೂ ಬೇಕು ಅಂತಾರೆ! ಕಾರುಗಳಿಗೆ ಹಿಂದೆ ನೋಡುವ ಕನ್ನಡಿ ಸಾಮಾನ್ಯವಾಗಿ ಬರುವುದಕ್ಕೂ ಮುಂಚಿನ ಮಾತಿದು.

ಇದನ್ನು ಓದಿದಾಗ ನನಗೆ ಹಿಡಿಸಿದ್ದು ಆಯಮ್ಮನ ಪಟ್ಟಿಯ ಖಚಿತತೆ. ಯಾರ ಕೈ, ಯಾವ ಹೊತ್ತಿಗೆ, ಯಾವ ವಸ್ತುವಿಗಾಗಿ ಆ ಡ್ರಾಯರಿಗೆ ಹೋಗುತ್ತೆ ಅಂತ ಆಕೆಗೆ ಗೊತ್ತಿತ್ತು. ನಮ್ಮ ಡಬ್ಬದ ಕಥೆ ಬೇರೆ. ಅಲ್ಲಿಗೆ ಯಾವುದನ್ನೂ ನಾವು ಇಡೋದಿಲ್ಲ, ಅವು ಬಂದು ಸೇರಿಕೊಳ್ತವೆ ಅಷ್ಟೆ. ಕಾರು ಮಾಡುವವರನ್ನೂ ಅನ್ನುವ ಹಾಗಿಲ್ಲ. ಲಕ್ಷಾಂತರ ಮನೆಗೆ ಹೋಗುವ ಕಾರಿನಲ್ಲಿ ಒಂದು ಡಬ್ಬ ಇಡಬಹುದೇ ಹೊರತು ನಮ್ಮನೆಯಲ್ಲಿ ಯಾರಿಗೆ ಏನು ಬೇಕು ಅಂತ ಅವರಿಗೆ ಹೇಗೆ ಗೊತ್ತಾಗಬೇಕು?

ನಮ್ಮನೆಯಲ್ಲಿ ಬೇಕಾಗಿದ್ದಿದ್ದು ಅಮ್ಮನಿಗೆ. ಅದಕ್ಕೋಸ್ಕರವೇ ನಮ್ಮ 2009ರ ಮಾಡೆಲ್ಲಿನ ಪುಟಾಣಿ ಕಾರಿನ ಡ್ಯಾಶ್‌ಬೋರ್ಡಿನೊಳಗೆ ಒಂದು ಡ್ರಾಯರ್ ಮಾಡಿಸಿದ್ದು. ಅದರ ಕಥೆ ಬರೀತೀನಿ ಅಂತ ತುಂಬಾ ಜನಕ್ಕೆ ಹೇಳಿ ಹೇಳಿ ಹಳೇದಾಯ್ತು. ಇವತ್ತು ಬರೆದುಬಿಡೋಣ ಅಂತ ಕೂತಿದೀನಿ.

ಅಮ್ಮನಿಗೆ ಸಕ್ಕರೆ ಕಾಯಿಲೆ, ಬಹಳ ವರ್ಷದ್ದು. ಇನ್ಸುಲಿನ್ ತಗೊಳ್ತಾಳೆ. ಸಕ್ಕರೆ ಕಾಯಿಲೆ ಅಂದರೆ ಎಲ್ಲರೂ ಸಕ್ಕರೆ ಏರುವುದನ್ನೇ ಮಾತಾಡ್ತಾರೆ. ಆದರೆ ಇನ್ಸುಲಿನ್ ತಗೊಳ್ಳುವವರ ಮನೆಯವರಿಗೆ ಹೆಚ್ಚು ಹೆದರಿಕೆ ಅದು ಇಳಿಯುವುದರದ್ದು. ರಕ್ತದಲ್ಲಿ ಸಕ್ಕರೆ 70ಕ್ಕಿಂತ ಕೆಳಗೆ ಹೋದರೆ ಮೈ ಬೆವರುತ್ತೆ, ಕೈ ನಡುಗುತ್ತೆ, ಮಾತು ಎಲ್ಲಿಂದೆಲ್ಲಿಗೋ ಹೋಗುತ್ತೆ. ಇನ್ನೂ ಇಳಿದರೆ ಪ್ರಜ್ಞೆಯೇ ತಪ್ಪಬಹುದು. ಉಪಾಯ ಸುಲಭದ್ದು. ಸುಮಾರು 15 ಗ್ರಾಂ ಗ್ಲೂಕೋಸೋ ಸಕ್ಕರೆಯೋ ಬಾಯಿಗೆ ಹಾಕಬೇಕು, 15 ನಿಮಿಷ ಕಾದು ಮತ್ತೆ ಪರೀಕ್ಷೆ ಮಾಡಬೇಕು, ಏರದಿದ್ದರೆ ಇನ್ನೊಂದು ಸಲ ಕೊಡಬೇಕು, ಏರಿದ ಮೇಲೆ ಏನಾದರೂ ತಿನ್ನಿಸಬೇಕು. ಎಚ್ಚರ ತಪ್ಪಿದವರ ಬಾಯಿಗೆ ಮಾತ್ರ ಏನೂ ಹಾಕಬಾರದು, ಸೀದಾ ಆಸ್ಪತ್ರೆಗೆ. ಅಂದರೆ ಇಡೀ ವಿಷಯ ನಿಂತಿರೋದು ಮೂರು ನಾಲ್ಕು ಚಮಚ ಸಕ್ಕರೆಯ ಮೇಲೆ, ಮತ್ತು ಅದು ಎಷ್ಟು ಬೇಗ ಕೈಗೆ ಸಿಗುತ್ತೆ ಅನ್ನೋದರ ಮೇಲೆ.

2022ರ ಜುಲೈನಲ್ಲಿ ಬೆಂಗಳೂರಿನಿಂದ ಅಮ್ಮನ ತವರಿಗೆ ಹೊರಟಿದ್ದೆವು, ತೀರ್ಥಹಳ್ಳಿ ಹತ್ತಿರದ ಹಳ್ಳಿ. ತುಮಕೂರು, ತಿಪಟೂರು, ಅರಸೀಕೆರೆ, ಕಡೂರು ಅಂತ ಎಲ್ಲ ಕಡೆ ನಿಲ್ಲಿಸಿಕೊಂಡು ಶಿವಮೊಗ್ಗ ದಾಟುವಷ್ಟರಲ್ಲಿ ಸಂಜೆಯಾಯಿತು. ಗಾಜನೂರು ಕಳೆದು, ಸಕ್ರೆಬೈಲಿನ ಆನೆ ಬಿಡಾರ ದಾಟಿ, ಮಂಡಗದ್ದೆ ಕಡೆ ಕಾಡಿನ ರಸ್ತೆ. ಮಳೆ ಅಂದರೆ ಮಳೆ. ಮುಂದಿನ ಸೀಟಿನಲ್ಲಿ ಅಮ್ಮ. ಇದ್ದಕ್ಕಿದ್ದ ಹಾಗೆ "ಇದ್ಯಾವ ದಾರಿ ಕಣೋ, ಬಸ್ಸು ತಪ್ಪಿ ಹೋಯ್ತಲ್ಲ" ಅಂದಳು. ನಾವು ಬಸ್ಸಿಗೆ ಹೊರಟೇ ಇರಲಿಲ್ಲ. ಕೈ ಮುಟ್ಟಿ ನೋಡಿದರೆ ತಣ್ಣಗೆ, ಪೂರ್ತಿ ಬೆವರು.

ಕಾರು ಬದಿಗೆ ಹಾಕಿ ಹೆಂಡತಿ ಹಿಂದಿನ ಸೀಟಿನಿಂದ ಕೆಳಗಿಳಿದಳು. ಗ್ಲೂಕೋಸು ಇತ್ತು, ಅಮ್ಮನೇ ಯಾವತ್ತಿನ ಹಾಗೆ ತನ್ನ ಕೈಚೀಲದಲ್ಲಿ ಹಾಕಿಕೊಂಡಿದ್ದಳು. ಕೈಚೀಲ ಡಿಕ್ಕಿಯಲ್ಲಿ, ಅದರ ಮೇಲೆ ತವರಿಗೆ ಅಂತ ಒಯ್ಯುತ್ತಿದ್ದ ಸೀರೆಯ ಬ್ಯಾಗು, ಅದರ ಮೇಲೆ ಮಕ್ಕಳ ಬ್ಯಾಗು. ಮಳೆಯಲ್ಲಿ ಮೊಬೈಲ್ ಟಾರ್ಚು ಹಿಡಿದು ಒಂದೊಂದೇ ಇಳಿಸಿ ಹುಡುಕಿ ತರುವಷ್ಟರಲ್ಲಿ ಐದಾರು ನಿಮಿಷ ಆಗಿರಬೇಕು. ಆ ಐದಾರು ನಿಮಿಷ ನಾನು ಅಮ್ಮನ ಕೆನ್ನೆ ತಟ್ಟುತ್ತಾ "ಅಮ್ಮಾ, ನನ್ನ ಹೆಸರು ಹೇಳು" ಅಂತ ಕೇಳ್ತಾ ಇದ್ದೆ. ಅವಳು ನನ್ನ ಮಾವನ ಹೆಸರು ಹೇಳ್ತಾ ಇದ್ದಳು.

ಗ್ಲೂಕೋಸು ಹೊಟ್ಟೆಗೆ ಹೋಗಿ ಕಾಲು ಗಂಟೆಗೆ ಅಮ್ಮ ಸರಿಹೋದಳು. ಮಾವನ ಮನೆ ತಲುಪಿ ಬಿಸಿ ಬಿಸಿ ಗಂಜಿಯನ್ನೂ ಕುಡಿದಳು. ಆದರೆ ಬೆಂಗಳೂರಿಗೆ ವಾಪಸ್ ಬಂದ ಮೇಲೆ ಕಾರು ಹತ್ತುವುದನ್ನೇ ಬಿಟ್ಟುಬಿಟ್ಟಳು. ನೇರವಾಗಿ ಹೇಳಲಿಲ್ಲ. ಗೌರಿ ಹಬ್ಬಕ್ಕೆ ತವರಿನಿಂದ ಕರೆ ಬಂದರೆ "ಈ ಸಲ ಮಳೆ ಜಾಸ್ತಿ ಅಂತೆ", ದಸರಾಕ್ಕೆ ಕರೆದರೆ "ಮಂಡಿನೋವು", ದೀಪಾವಳಿಗೆ "ನೀವು ಹೋಗಿ ಬನ್ನಿ, ಮನೆ ಕಾಯೋರು ಬೇಡ್ವಾ?". ತವರು ಅಂದರೆ ಎರಡು ದಿನ ಮುಂಚೆ ಬ್ಯಾಗು ತುಂಬಿಟ್ಟು ಕೂರುತ್ತಿದ್ದ ಹೆಂಗಸು. ಬಾಯಿಬಿಟ್ಟಿದ್ದು ನನ್ನ ಮಗಳ ಹತ್ತಿರ. "ದಾರಿ ಮಧ್ಯೆ ಹಾಗಾದ್ರೆ ನಿಮ್ಮಪ್ಪ ಗಾಡಿ ಓಡಿಸ್ತಾನಾ, ನನ್ನ ನೋಡ್ತಾನಾ ಪುಟ್ಟಿ?"

ಈ ಮಾತು ನನ್ನ ಕಿವಿಗೆ ಬಿದ್ದ ದಿನ ನಾನು ಕಾರಿನಲ್ಲಿ ಹೋಗಿ ಸುಮ್ಮನೆ ಅಮ್ಮನ ಸೀಟಿನಲ್ಲಿ ಕೂತೆ. ಬೆಲ್ಟು ಹಾಕಿಕೊಂಡೆ. ಕಣ್ಣು ಮುಚ್ಚಿ ಕೈ ಚಾಚಿದೆ. ಗ್ಲೋವ್ ಬಾಕ್ಸಿನ ಲಾಕು ಸಿಗಬೇಕಾದರೆ ಬಗ್ಗಬೇಕು, ಸಿಕ್ಕಿದರೂ ಮುಚ್ಚಳ ಮಂಡಿಯ ಮೇಲೆ ಬೀಳುತ್ತೆ. ಬಾಗಿಲಿನ ಜೇಬು ಸೀಟಿನ ಸಂದಿಯಲ್ಲಿ ಹೋಗಿದೆ. ಬಲಗೈ ಮುಂದೆ ಚಾಚಿದರೆ ಸೀದಾ ತಗಲುವುದು ಡ್ಯಾಶ್‌ಬೋರ್ಡಿನ ನಡುವೆ, ಸ್ಟೀರಿಯೋ ಇರುವ ಜಾಗ. ಸ್ಟೀರಿಯೋ ಇದ್ದ ಜಾಗ ಅನ್ನಬೇಕು. ಅದು ಸತ್ತು ಹೋಗಿ ವರ್ಷಗಳೇ ಆಗಿತ್ತು. ಹಾಡು ಫೋನಿನಲ್ಲೇ ಬರುತ್ತಿದ್ದರಿಂದ ಯಾರೂ ಅದಕ್ಕೆ ಅತ್ತಿರಲಿಲ್ಲ.

ಈ ಸ್ಟೀರಿಯೋ ಕಿಂಡಿಯ ವಿಶೇಷ ಏನು ಗೊತ್ತಾ? ಅದರ ಅಳತೆ ಪ್ರಪಂಚದಲ್ಲೆಲ್ಲಾ ಹೆಚ್ಚುಕಮ್ಮಿ ಒಂದೇ. ಜರ್ಮನಿಯವರು ಗೊತ್ತುಮಾಡಿದ ಅಳತೆ, ಹಾಗಾಗಿ ಅದಕ್ಕೆ 'ಡಿನ್' ಅಂತ ಹೆಸರು, ಜರ್ಮನ್ ಮಾನಕ ಸಂಸ್ಥೆಯ ಹೆಸರೇ ಅದು. ಆಮೇಲೆ ಐಎಸ್‌ಒ 7736 ಅಂತ ಅಂತರರಾಷ್ಟ್ರೀಯ ಮಾನಕವೂ ಆಯಿತು. ಸ್ಟೀರಿಯೋದ ಮುಖ 180 ಮಿಲಿಮೀಟರ್ ಅಗಲ, 50 ಮಿಲಿಮೀಟರ್ ಎತ್ತರ. ಅದರ ಎರಡರಷ್ಟು ಎತ್ತರದ್ದು ಡಬಲ್ ಡಿನ್. ಯಾವುದೋ ದೇಶದ ಸ್ಟೀರಿಯೋ ಯಾವುದೋ ದೇಶದ ಕಾರಿನಲ್ಲಿ ಕೂರುತ್ತಿದ್ದದ್ದು ಇದರಿಂದಲೇ. ನಮ್ಮ ಜೆ.ಸಿ. ರೋಡಿನ ಅಂಗಡಿಗಳು ಇಷ್ಟು ವರ್ಷ ಅನ್ನ ತಿಂದಿದ್ದರಲ್ಲಿ ಈ ಅಳತೆಯ ಪಾಲೂ ಇದೆ.

ಅದೇ ಜೆ.ಸಿ. ರೋಡಿಗೇ ಮೊದಲು ಹೋದೆ. ಡಿನ್ ಅಳತೆಯ ರೆಡಿಮೇಡ್ ಪಾಕೆಟ್ ಸಿಗುತ್ತೆ, ಇಲ್ಲ ಅಂತಲ್ಲ. ಪ್ಲಾಸ್ಟಿಕ್ಕಿನ ಬಾಯಿತೆರೆದ ಗುಂಡಿ. ಅದಕ್ಕೆ ಬಾಗಿಲಿಲ್ಲ. ಅಮ್ಮ ಅದನ್ನು ನೋಡಿದ್ದೇ "ಇದರಲ್ಲಿ ಇಟ್ಟಿದ್ದು ಉಬ್ಬು ಬಂದಾಗ ಹಾರಿ ಮಡಿಲಿಗೆ ಬೀಳುತ್ತೆ" ಅಂದಳು. ಮಲೆನಾಡಿನ ರಸ್ತೆ ಕಂಡವರ ಮಾತು, ಎದುರಾಡುವ ಹಾಗಿಲ್ಲ. ನಮಗೆ ಬೇಕಾಗಿದ್ದು ಎಳೆದರೆ ಬರುವ, ತಾನಾಗಿ ಬಾರದ ಡ್ರಾಯರು.

ಆಫೀಸಿನ ಗೆಳೆಯನೊಬ್ಬನ ಹತ್ತಿರ ತ್ರೀಡಿ ಪ್ರಿಂಟರಿದೆ. ಅವನನ್ನು ಕೇಳಿದೆ. ಅವನು ಅಳತೆ ಕೇಳುವ ಮುಂಚೆ ಕೇಳಿದ್ದು "ಗಾಡಿ ಎಲ್ಲಿ ನಿಲ್ಲಿಸ್ತೀಯಾ, ನೆರಳಲ್ಲಾ, ಬಿಸಿಲಲ್ಲಾ?" ಅಂತ. ಆಮೇಲೆ ಅವನೇ ಒಂದು ಅಧ್ಯಯನ ತೋರಿಸಿದ. ಅಮೆರಿಕದ ಅರಿಜೋನಾದಲ್ಲಿ ಬೇಸಿಗೆಯಲ್ಲಿ ನಿಲ್ಲಿಸಿದ ಕಾರುಗಳ ಒಳಗಿನ ಶಾಖ ಅಳೆದಿದ್ದು, 2018ರಲ್ಲಿ ಪ್ರಕಟವಾಗಿದ್ದು. ಬಿಸಿಲಲ್ಲಿ ಒಂದು ಗಂಟೆ ನಿಂತ ಕಾರಿನೊಳಗೆ ಗಾಳಿ ಸರಾಸರಿ 47 ಡಿಗ್ರಿ ಸೆಲ್ಸಿಯಸ್. ಸೀಟು 51. ಸ್ಟಿಯರಿಂಗ್ 53. ಡ್ಯಾಶ್‌ಬೋರ್ಡು? 69! ನೆರಳಲ್ಲಿ ನಿಂತಿದ್ದರೂ ಡ್ಯಾಶ್‌ಬೋರ್ಡು 48. ಕಾರಿನಲ್ಲಿ ಮುಟ್ಟುವ ವಸ್ತುಗಳಲ್ಲೆಲ್ಲ ಹೆಚ್ಚು ಕಾಯುವುದು ಅದೇ, ಯಾಕಂದರೆ ಮುಂದಿನ ಗಾಜಿನಿಂದ ಬಿಸಿಲು ಸೀದಾ ಅದರ ಮೇಲೇ ಬೀಳುತ್ತೆ. ನಮ್ಮ ಬೆಂಗಳೂರು ಅರಿಜೋನಾದಷ್ಟು ಕಾಯೋದಿಲ್ಲ ಬಿಡಿ. ಆದರೂ ಏಪ್ರಿಲ್ಲಿನಲ್ಲಿ ಬಯಲಲ್ಲಿ ನಿಲ್ಲಿಸಿದ ಕಾರಿನ ಡ್ಯಾಶ್‌ಬೋರ್ಡಿನ ಮೇಲೆ ಅಂಗೈ ಇಟ್ಟವರಿಗೆ ಹೆಚ್ಚು ಹೇಳಬೇಕಾಗಿಲ್ಲ.

ತ್ರೀಡಿ ಪ್ರಿಂಟರಿನಲ್ಲಿ ಸಾಮಾನ್ಯವಾಗಿ ಬಳಸುವ ಪಿಎಲ್ಎ ಅನ್ನೋ ಪ್ಲಾಸ್ಟಿಕ್ಕು 60 ಡಿಗ್ರಿಯ ಹತ್ತಿರ ಮೆತ್ತಗಾಗಿಬಿಡುತ್ತಂತೆ. ಡ್ರಾಯರು ಜೋತು ಬಿದ್ದು ಕಿಂಡಿಯಲ್ಲೇ ಸಿಕ್ಕಿಹಾಕಿಕೊಂಡರೆ ಮುಗೀತಲ್ಲ ಕಥೆ. ಎಬಿಎಸ್ ಅನ್ನೋ ಪ್ಲಾಸ್ಟಿಕ್ಕು 100 ಡಿಗ್ರಿಯವರೆಗೂ ತಡೆಯುತ್ತೆ, ಆದರೆ ಅವನ ಪ್ರಿಂಟರಿನಲ್ಲಿ ಅದು ನೆಟ್ಟಗೆ ಬರೋದಿಲ್ಲ, ಮೂಲೆ ಎದ್ದುಬಿಡುತ್ತೆ. "ಇಷ್ಟೆಲ್ಲಾ ಯಾಕೆ, ಮರದಲ್ಲಿ ಮಾಡಿಸು" ಅಂತ ಅವನೇ ಅಂದ.

ಹೀಗೆ ವಿಷಯ ನಮ್ಮ ಬೀದಿಯ ಆಚಾರ್ರ ಹತ್ತಿರ ಬಂತು. ಅಡುಗೆಮನೆಯ ಕಪಾಟು ಮಾಡಿಕೊಟ್ಟವರು ಅವರೇ. ಮೊದಲು ಮೆಕ್ಯಾನಿಕ್ ಬಂದು ಬ್ಯಾಟರಿಯ ನೆಗೆಟಿವ್ ಬಿಚ್ಚಿದ. ಸತ್ತ ಸ್ಟೀರಿಯೋದ ಎರಡೂ ಪಕ್ಕಕ್ಕೆ ತೆಳ್ಳಗಿನ ತಗಡಿನ ಪಟ್ಟಿ ತೂರಿಸಿದ, ಅದು ಜಾರಿಕೊಂಡು ಆಚೆ ಬಂತು. ಹಿಂದೆ ವೈರುಗಳ ಗೊಂಚಲು. ಸಾಮಾನ್ಯವಾಗಿ ಹಳದಿ ವೈರಿನಲ್ಲಿ ಕೀಲಿ ತೆಗೆದರೂ ಕರೆಂಟಿರುತ್ತೆ, ಕೆಂಪಿನಲ್ಲಿ ಕೀಲಿ ತಿರುಗಿಸಿದಾಗ ಮಾತ್ರ, ಕಪ್ಪು ಅರ್ಥಿಂಗು. ಹಾಗಾಗಿ ಒಂದೊಂದರ ತುದಿಗೂ ಬೇರೆ ಬೇರೆಯಾಗಿ ಟೇಪು ಸುತ್ತಿ, ಎಲ್ಲ ಸೇರಿಸಿ ಬಟ್ಟೆ ಟೇಪಿನಲ್ಲಿ ಕಟ್ಟಿ, ಕಿಂಡಿಯ ಹಿಂದೆ ಒಂದು ಬದಿಗೆ ಬಿಗಿದ. ಬರೀ ಡ್ರಾಯರ್ ತಳ್ಳಿ ತಳ್ಳಿ ವೈರಿನ ಸಿಪ್ಪೆ ಸುಲಿದು ಕಿಡಿ ಹಾರಬಾರದಲ್ಲ.

ಸ್ಟೀರಿಯೋ ಕೂರಿಸುವ ತಗಡಿನ ಚೌಕಟ್ಟು ಒಳಗೇ ಇತ್ತು, ಅದನ್ನು ಹಾಗೇ ಉಳಿಸಿಕೊಂಡೆವು. ಅದರೊಳಗೆ 3 ಮಿಲಿಮೀಟರ್ ಪ್ಲೈವುಡ್ಡಿನ ಒಂದು ಗೂಡು, ಗೂಡಿನೊಳಗೆ ಅದೇ ಪ್ಲೈವುಡ್ಡಿನ ಡ್ರಾಯರು. ಎಲ್ಲ ಕಡೆ ಒಂದೊಂದು ಮಿಲಿಮೀಟರ್ ಸಂದು ಬಿಟ್ಟು ಲೆಕ್ಕ ಹಾಕಿದರೆ ಡ್ರಾಯರಿನ ಒಳಗೆ ಉಳಿಯೋದು 164 ಮಿಲಿಮೀಟರ್ ಅಗಲ, 39 ಮಿಲಿಮೀಟರ್ ಎತ್ತರ. ಆಳ 14 ಸೆಂಟಿಮೀಟರ್ ಸಾಕು ಅಂದರು ಆಚಾರ್ರು, ಹಿಂದೆ ವೈರಿಗೂ ಹೀಟರಿನ ಡಕ್ಟಿಗೂ ಜಾಗ ಬೇಕಿತ್ತು. ಮೊದಲು ಸ್ವೀಟ್ ಬಾಕ್ಸಿನ ರಟ್ಟು ಕತ್ತರಿಸಿ ಅದೇ ಅಳತೆಯಲ್ಲಿ ಒಂದು ಮಾಡಿ, ಕಿಂಡಿಗೆ ತೂರಿಸಿ ನೋಡಿ, ಆಮೇಲೆ ಪ್ಲೈವುಡ್ಡಿಗೆ ಗರಗಸ ಹಾಕಿದರು. ಗೂಡಿನ ತಳಕ್ಕೆ ಅಂಟಿಸಿದ್ದು ಕೇರಂ ಬೋರ್ಡಿನ ಪೌಡರಲ್ಲ, ಉಣ್ಣೆಯ ಬಟ್ಟೆ. ಕಡಕಡ ಶಬ್ದ ಬಾರದ ಹಾಗೆ ಅದು ತಡೆಯುತ್ತೆ.

ಹಿಡಿಗೆ ಅಂತ ಆಚಾರ್ರು ಚಂದದ ಹಿತ್ತಾಳೆ ಗುಂಡು ತಂದಿದ್ದರು. ಅದನ್ನು ಬೇಡ ಅನ್ನೋದು ಕಷ್ಟವಾಯಿತು. ಆದರೆ ಅಪಘಾತವಾದರೆ ಮುಂದೆ ಕೂತವರ ಕೈಯೋ ಮಂಡಿಯೋ ಹೋಗಿ ಬಡಿಯುವುದು ಡ್ಯಾಶ್‌ಬೋರ್ಡಿಗೇ. ಅಲ್ಲಿ ಚೂಪಾದ್ದು, ಗಟ್ಟಿಯಾದ್ದು, ಹೊರಚಾಚಿದ್ದು ಏನೂ ಇರಬಾರದು. ಡ್ರಾಯರಿನ ಮುಖವನ್ನು ಡ್ಯಾಶ್‌ಬೋರ್ಡಿನ ಮಟ್ಟಕ್ಕಿಂತ ಒಂದು ಕೂದಲೆಳೆ ಒಳಗೇ ಇಟ್ಟು, ಅಂಚನ್ನೆಲ್ಲಾ ಉಪ್ಪುಕಾಗದದಲ್ಲಿ ಉಜ್ಜಿ ಗುಂಡಗೆ ಮಾಡಿದರು. ಹಿಡಿಯ ಬದಲಿಗೆ ಅಮ್ಮ ತನ್ನ ಹಳೇ ಹತ್ತಿ ಸೀರೆಯ ಅಂಚನ್ನು ಮಡಚಿ ಹೊಲಿದು ಒಂದು ಕುಣಿಕೆ ಮಾಡಿಕೊಟ್ಟಳು. ಎರಡು ಬೆರಳು ಹೋಗುವಷ್ಟು. ನಡುಗುವ ಕೈಗೆ ಗುಂಡು ಹಿಡಿಯೋದಕ್ಕಿಂತ ಕುಣಿಕೆಗೆ ಬೆರಳು ತೂರಿಸೋದು ಸುಲಭ ಅಂತ ಅವಳಿಗೇ ಹೊಳೆದದ್ದು. ನನಗೆ ಹೊಳೆದಿರಲಿಲ್ಲ.

ಇನ್ನೊಂದು ಮಜಾ ವಿಷಯ. ಡ್ರಾಯರು ಯಾವಾಗ ತಾನಾಗಿ ತೆರೆದುಕೊಳ್ಳುತ್ತೆ? ಬ್ರೇಕ್ ಹಾಕಿದಾಗ ಅಂತ ನಾವೆಲ್ಲ ಅಂದುಕೊಂಡಿದ್ದೆವು. ಆಚಾರ್ರು ನಕ್ಕರು. "ಬ್ರೇಕ್ ಹಾಕಿದ್ರೆ ಎಲ್ಲಾ ಮುಂದಕ್ಕೆ ಹೋಗುತ್ತೆ ಸಾರ್, ಡ್ರಾಯರಿಗೆ ಮುಂದೆ ಅಂದ್ರೆ ಒಳಗಡೆ. ಇನ್ನೂ ಗಟ್ಟಿಯಾಗಿ ಮುಚ್ಕೊಳ್ಳುತ್ತೆ. ನೀವು ಹೆದರಬೇಕಾಗಿದ್ದು ಘಾಟಿ ಹತ್ತುವಾಗ, ಗಾಡಿ ಎಗರಿದಾಗ." ಹೌದಲ್ಲ! ಸ್ಟೀರಿಯೋ ಕಿಂಡಿ ಹಿಂದಕ್ಕೆ ಸ್ವಲ್ಪ ವಾಲಿಕೊಂಡಿರುವುದು ನಮಗೆ ಅನುಕೂಲವೇ ಆಯಿತು. ಮೇಲಿಂದ ಕಪಾಟಿನ ಬಾಗಿಲಿಗೆ ಹಾಕುವ ಮ್ಯಾಗ್ನೆಟ್ ಒಂದನ್ನು ಗೂಡಿನ ಹಿಂಬದಿಗೆ ಹಾಕಿ, ಡ್ರಾಯರಿಗೆ ಚಿಕ್ಕದೊಂದು ಕಬ್ಬಿಣದ ಬಿಲ್ಲೆ ಬಡಿದರು. ಬಿಗಿ ಜಾಸ್ತಿಯಾದರೆ ಅಮ್ಮನಿಗೆ ಎಳೆಯೋಕಾಗಲ್ಲ, ಕಮ್ಮಿಯಾದರೆ ಘಾಟಿಯಲ್ಲಿ ನಿಲ್ಲಲ್ಲ. ಅಮ್ಮನನ್ನು ಕೂರಿಸಿಕೊಂಡು, ಕಣ್ಣು ಮುಚ್ಚಿಸಿ, ಹತ್ತು ಸಲ ಎಳೆಸಿ ನೋಡಿ ಬಿಲ್ಲೆಯ ಮೇಲೆ ಒಂದು ಪದರ ಟೇಪು ಅಂಟಿಸಿದ ಮೇಲೆ ಸರಿಯಾಯಿತು. ಅಡ್ಡಗೋಡೆಯ ಆಚೆಯಿಂದ ನೋಡುತ್ತಿದ್ದ ಪಕ್ಕದ ಮನೆಯವರು ಅಮ್ಮನಿಗೆ ಡ್ರೈವಿಂಗ್ ಕಲಿಸ್ತಿದೀವಿ ಅಂದುಕೊಂಡರಂತೆ :)

ಡ್ರಾಯರಾಯಿತು. ಒಳಗೆ ಏನಿಡೋದು? ಇದರಲ್ಲೂ ಬಿಸಿಲಿನದೇ ರಾಜ್ಯಭಾರ. ಇನ್ಸುಲಿನ್ ಅಲ್ಲಿ ಇಡೋ ಹಾಗೇ ಇಲ್ಲ. ಒಡೆಯದ ಇನ್ಸುಲಿನ್ ಫ್ರಿಜ್ಜಿನಲ್ಲಿ 2ರಿಂದ 8 ಡಿಗ್ರಿಯಲ್ಲಿರಬೇಕು, ಬಳಸ್ತಾ ಇರೋದು 30 ಡಿಗ್ರಿ ದಾಟಬಾರದು. ನಿಲ್ಲಿಸಿದ ಕಾರಿನಲ್ಲಿ ಬಿಟ್ಟರೆ ಬೆಂದು ಹೋಗುತ್ತೆ, ನೋಡೋಕೆ ಮಾತ್ರ ಹಾಗೇ ಇರುತ್ತೆ, ಅದೇ ಅಪಾಯ. ಶುಗರ್ ಪರೀಕ್ಷೆಯ ಪಟ್ಟಿಗಳಿಗೂ ಅಷ್ಟು ಶಾಖ ಆಗಿಬರೋದಿಲ್ಲ. ಅವೆರಡೂ ಅಮ್ಮನ ಜೊತೆಗೇ ಕಾರು ಹತ್ತುತ್ತವೆ, ಅಮ್ಮನ ಜೊತೆಗೇ ಇಳಿಯುತ್ತವೆ. ಲೆವಿಟ್ ಹೇಳಿದ ಚಾಕಲೇಟಂತೂ ನಮ್ಮಲ್ಲಿ ಮಧ್ಯಾಹ್ನಕ್ಕೆ ಪಾಯಸ. ಬೆಲ್ಲ ಇಟ್ಟರೆ ಮಳೆಗಾಲದಲ್ಲಿ ನೀರಾಗುತ್ತೆ, ಇರುವೆ ಬರುತ್ತೆ.

ಕೊನೆಗೆ ಉಳಿದಿದ್ದು ಗ್ಲೂಕೋಸ್ ಪುಡಿ. ಬಿಗಿ ಮುಚ್ಚಳದ ಎರಡು ಪುಟ್ಟ ಪ್ಲಾಸ್ಟಿಕ್ ಬಾಟಲಿ, ಅಡ್ಡ ಮಲಗಿಸಿದರೆ 39 ಮಿಲಿಮೀಟರಿನಲ್ಲಿ ಕೂರುವಂಥವು. ಒಂದೊಂದರಲ್ಲೂ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿದ 15 ಗ್ರಾಂ. ಒಂದು ಸಲಕ್ಕೊಂದು ಬಾಟಲಿ, ಆ ಹೊತ್ತಿನಲ್ಲಿ ಚಮಚದ ಲೆಕ್ಕ ಯಾರೂ ಇಡಬೇಕಾಗಿಲ್ಲ. ಪಕ್ಕಕ್ಕೊಂದು ಸ್ಟೀಲ್ ಚಮಚ. ಜೊತೆಗೆ ಮಗಳ ಅಕ್ಷರದಲ್ಲಿ ದೊಡ್ಡದಾಗಿ ಬರೆದ ಒಂದು ಚೀಟಿ: ಅಜ್ಜಿಗೆ ಸಕ್ಕರೆ ಕಾಯಿಲೆ ಇದೆ, ತಡವರಿಸುತ್ತಿದ್ದರೆ ಈ ಬಾಟಲಿ ಪೂರ್ತಿ ತಿನ್ನಿಸಿ, ಎಚ್ಚರವಿಲ್ಲದಿದ್ದರೆ ಏನೂ ಕೊಡಬೇಡಿ, 108ಕ್ಕೆ ಫೋನ್ ಮಾಡಿ. ಓಡಿಸುವವನಿಗೇ ಏನಾದರೂ ಆಗಿ ಬೇರೆ ಯಾರೋ ಕಾರಿನ ಬಾಗಿಲು ತೆಗೆದರೆ ಅವರಿಗೂ ತಿಳಿಯಲಿ ಅಂತ.

ಮೊದಲನೇ ವಾರವೇ ಡ್ರಾಯರಿನ ಮೇಲೆ ದಾಳಿ ಶುರುವಾಯಿತು ನೋಡಿ. ನಾನು ಪಾರ್ಕಿಂಗಿನ ಚಿಲ್ಲರೆ ಇಡೋಣ ಅಂದೆ. ಹೆಂಡತಿ ಲಿಪ್ ಬಾಮ್ ಅಂದಳು. ಮಗ ಆಗಲೇ ಒಂದು ರಬ್ಬರ್ ಬ್ಯಾಂಡು, ಎರಡು ಕ್ರಿಕೆಟ್ ಕಾರ್ಡು ಸೇರಿಸಿದ್ದ. ಇಷ್ಟು ಚಂದದ ಜಾಗದಲ್ಲಿ ಇನ್ನೂ ಅರ್ಧ ಖಾಲಿ ಇದೆಯಲ್ಲ ಅನ್ನೋದು ಎಲ್ಲರ ವಾದ. ಅಮ್ಮ ಎಲ್ಲವನ್ನೂ ತೆಗೆದು ಸೋಫಾದ ಮೇಲಿಟ್ಟಳು. ಆಮೇಲೆ ಹೇಳಿದಳು, "ನಮ್ಮನೆ ಗೋಡೆ ಗೂಡು ನೆನಪಿದೆಯಾ ನಿಂಗೆ?"

ನೆನಪಿಲ್ಲದೆ ಏನು. ಮಲೆನಾಡಿನ ಹಳೇ ಮಣ್ಣಿನ ಮನೆಗಳನ್ನು ಕಂಡವರಿಗೆ ಗೊತ್ತಿರುತ್ತೆ. ಒಂದೊಂದು ಮೊಳ ದಪ್ಪದ ಗೋಡೆ, ಅದರಲ್ಲೇ ಕೊರೆದ ಹಾಗಿರುವ ಗೂಡುಗಳು. ಒಂದರಲ್ಲಿ ದೇವರ ದೀಪ, ಒಂದರಲ್ಲಿ ಕವಳದ ಸಂಚಿ. ನಡುಮನೆಯ ಬಾಗಿಲ ಪಕ್ಕದ ಗೂಡಿನಲ್ಲಿ ಚಿಮಣಿ ಬುಡ್ಡಿ ಮತ್ತು ಬೆಂಕಿಪೊಟ್ಟಣ. ಮಳೆಗಾಲದಲ್ಲಿ ಕರೆಂಟು ಹೋದರೆ ಅಜ್ಜಿ ಇದ್ದಲ್ಲಿಂದ ಎದ್ದು, ಗೋಡೆ ಸವರಿಕೊಂಡು ಬಂದು, ಸೀದಾ ಆ ಗೂಡಿಗೆ ಕೈ ಹಾಕುತ್ತಿದ್ದಳು. ಬೆಂಕಿಪೊಟ್ಟಣ ಅಲ್ಲಿ ಇದ್ದೇ ಇರುತ್ತಿತ್ತು. ಗೂಡಿನಲ್ಲಿ ಇನ್ನೂ ನಾಲ್ಕು ಸಾಮಾನಿಗೆ ಜಾಗವಿತ್ತು. ಆದರೆ ಅಲ್ಲಿ ಬೇರೆ ಏನನ್ನಾದರೂ ಇಟ್ಟವರಿಗೆ, ಒಲೆ ಹಚ್ಚೋಕೆ ಅಂತ ಪೊಟ್ಟಣ ಒಯ್ದು ಮರಳಿ ಇಡದವರಿಗೆ ಅಜ್ಜಿಯ ಬೈಗುಳ ಮೂರು ದಿನ ನಡೆಯುತ್ತಿತ್ತು. ಅಮ್ಮ ಅಂದಿದ್ದು ಇಷ್ಟೇ: "ಕತ್ತಲಲ್ಲಿ ಹುಡುಕೋ ಹಾಗಿದ್ರೆ ಅದು ಗೂಡಲ್ಲ, ಗೋಣಿಚೀಲ."

ಈ ಮಾತಿನ ಮುಂದೆ ನನ್ನ 39 ಮಿಲಿಮೀಟರು, 164 ಮಿಲಿಮೀಟರು ಎಲ್ಲ ಸಪ್ಪೆ ಅನ್ನಿಸಿಬಿಟ್ಟಿತು. ಹೊಸ ಜಾಗ ಅಂದರೆ ಇನ್ನಷ್ಟು ಸಾಮಾನು ಅಂತಲೇ ನಾವು ಲೆಕ್ಕ ಹಾಕೋದು. ಕಾರಿನಲ್ಲಿ ಸಾಮಾನಿಗೆ ಜಾಗವಿಲ್ಲದೆ ಅಮ್ಮ ಅವತ್ತು ಕಷ್ಟಪಟ್ಟಿದ್ದಲ್ಲ, ಡಿಕ್ಕಿ ತುಂಬ ಜಾಗವೇ ಇತ್ತು. ಇಲ್ಲದಿದ್ದದ್ದು ಒಂದೇ ಒಂದು ವಸ್ತುವಿಗೆ ಮೀಸಲಾದ, ಕಣ್ಣು ಮಂಜಾದಾಗಲೂ ಕೈ ತಾನಾಗಿ ಹೋಗುವ ಜಾಗ. ಅದರ ಅರ್ಧ ಖಾಲಿ ಇರೋದೂ ಅದರ ಕೆಲಸವೇ. ಅವತ್ತಿನಿಂದ ನಮ್ಮನೆಯಲ್ಲಿ ಆ ಡ್ರಾಯರಿಗೆ 'ಗೂಡು' ಅಂತಲೇ ಹೆಸರು. ಮಿಕ್ಕ ಎಲ್ಲದಕ್ಕೂ ಗ್ಲೋವ್ ಬಾಕ್ಸ್ ಎಂಬ ಗೋಣಿಚೀಲ ಇದ್ದೇ ಇದೆ.

2024ರಲ್ಲಿ ಕಾರಿಗೆ 15 ವರ್ಷ ತುಂಬಿ ಆರ್‌ಸಿ ನವೀಕರಿಸಬೇಕಾಯಿತು. ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ, ನೋಂದಣಿಯಲ್ಲಿರುವ ವಿವರವೇ ಬದಲಾಗುವಂತೆ ಗಾಡಿಯನ್ನು ಮಾರ್ಪಡಿಸುವ ಹಾಗಿಲ್ಲ. ಸ್ಟೀರಿಯೋ ಜಾಗದ ಡ್ರಾಯರು ಆ ಸಾಲಿಗೆ ಬರೋದಿಲ್ಲ ಅಂತ ಗೊತ್ತಿದ್ದರೂ ಒಳಗೊಳಗೇ ಅಳುಕು. ತಪಾಸಣೆ ಮಾಡುವವರು ಛಾಸಿ ನಂಬರ್ ನೋಡಿ, ಲೈಟು ಹಾರ್ನು ಎಲ್ಲ ನೋಡಿ, ಸೀರೆಯ ಕುಣಿಕೆ ಕಣ್ಣಿಗೆ ಬಿದ್ದು "ಏನ್ರೀ ಇದು?" ಅಂತ ಎಳೆದರು. ಚೀಟಿ ಓದಿದರು. ಏನೂ ಮಾತಾಡದೆ ಮೆಲ್ಲಗೆ ಮುಚ್ಚಿದರು. ಸಹಿ ಹಾಕಿ ಕೊಡುವಾಗ "ನಮ್ಮ ತಾಯಿಗೂ ಇದೆ" ಅಂದರು. ಐದು ವರ್ಷಕ್ಕೆ ನವೀಕರಣವಾಯಿತು.

ಇದನ್ನು ನೋಡಿ ಗೆಳೆಯನೊಬ್ಬ ತನ್ನ ಹೊಸ ಕಾರಿಗೂ ಇಂಥದ್ದು ಮಾಡಿಸ್ತೀನಿ ಅಂತ ಕೂತ. ಅವನಿಗೆ ಬೇಡ ಅಂದೆ, ನಿಮಗೂ ಅದನ್ನೇ ಹೇಳ್ತೀನಿ. ನಮ್ಮದು ಏರ್‌ಬ್ಯಾಗ್ ಇಲ್ಲದ ಹಳೇ ಕಾರು. ಓಡಿಸುವವರಿಗೆ ಏರ್‌ಬ್ಯಾಗ್ 2019ರ ಜುಲೈಯಿಂದ ಕಡ್ಡಾಯವಾಯಿತು, ಪಕ್ಕದವರಿಗೆ 2021ರಲ್ಲಿ. ಪಕ್ಕದವರ ಏರ್‌ಬ್ಯಾಗ್ ಮಡಚಿ ಕೂತಿರೋದು ಡ್ಯಾಶ್‌ಬೋರ್ಡಿನೊಳಗೇ, ಗ್ಲೋವ್ ಬಾಕ್ಸಿನ ಮೇಲುಗಡೆ. ಕಣ್ಣು ಮಿಟುಕಿಸುವಷ್ಟು ಹೊತ್ತೂ ಬೇಡ ಅದು ಸಿಡಿದು ತುಂಬಿಕೊಳ್ಳೋಕೆ. ಅದರ ಮುಚ್ಚಳದ ಮೇಲೆ ಅಂಟಿಸಿದ ಡಬ್ಬವೋ ಗಣಪತಿಯೋ ಆಗ ಗುಂಡಿನ ಹಾಗೆ ಮುಖಕ್ಕೆ ಬರುತ್ತೆ. ಡ್ಯಾಶ್‌ಬೋರ್ಡ್ ಬಿಚ್ಚಿದಾಗ ಹಳದಿ ಕನೆಕ್ಟರು, ಹಳದಿ ಕವಚದ ವೈರು ಕಂಡರೆ ಅದು ಸಾಮಾನ್ಯವಾಗಿ ಏರ್‌ಬ್ಯಾಗಿನದು, ಕೈಯೇ ಹಾಕಬಾರದು. ಸ್ಟೀರಿಯೋದ ಹಳದಿ ವೈರಿಗೂ ಇದಕ್ಕೂ ಸಂಬಂಧವಿಲ್ಲ. ಮೇಲಾಗಿ ಈಗಿನ ಎಷ್ಟೋ ಕಾರುಗಳಲ್ಲಿ ಆ ಡಿನ್ ಕಿಂಡಿಯೇ ಇಲ್ಲ, ಇಡೀ ನಡುಭಾಗ ಟಿವಿಯ ಹಾಗೆ ಒಂದು ಪರದೆ. ಅವನು ಕೊನೆಗೆ ಎರಡು ಸೀಟಿನ ನಡುವಿನ ಕೈಯಾನಿಸುವ ಡಬ್ಬವನ್ನು ಪೂರ್ತಿ ಖಾಲಿ ಮಾಡಿ, ಒಳಗೆ ರಟ್ಟಿನ ಗೋಡೆ ಕಟ್ಟಿ, ಅವನ ಅಪ್ಪನ ಇನ್‌ಹೇಲರ್ ಒಂದನ್ನೇ ಇಡುವ ಮನೆ ಮಾಡಿದ್ದಾನೆ. ಬೇಸಿಗೆಯಲ್ಲಿ ಇಳಿಯುವಾಗ ಅದೂ ಅಪ್ಪನ ಜೇಬಿಗೆ. ಬಿಚ್ಚಿದ್ದೂ ಇಲ್ಲ, ಕೊರೆದದ್ದೂ ಇಲ್ಲ. ಅದೂ ಗೂಡೇ.

ಅಮ್ಮ 2023ರ ಸಂಕ್ರಾಂತಿಗೆ ಊರಿಗೆ ಬಂದಳು. ಹೊರಡುವ ಮುಂಚೆ ಸೀಟಿನಲ್ಲಿ ಕೂತು, ಬೆಲ್ಟು ಹಾಕಿಕೊಂಡು, ಕಣ್ಣು ಮುಚ್ಚಿ ಒಂದು ಸಲ ಕುಣಿಕೆ ಎಳೆದು ನೋಡಿದಳು. ದಾರಿಯುದ್ದಕ್ಕೂ ಮಾತು, ಮಾತು, ಮಾತು. ಮಂಡಗದ್ದೆ ಹತ್ತಿರ ಮಾತ್ರ ಸ್ವಲ್ಪ ಹೊತ್ತು ಸುಮ್ಮನಾಗಿ ಬಲಗೈಯನ್ನು ಗೂಡಿನ ಹತ್ತಿರ ಇಟ್ಟುಕೊಂಡಿದ್ದಳು. ಏನೂ ಆಗಲಿಲ್ಲ. ಆಮೇಲೆ ಎಷ್ಟು ಸಲ ಹೋಗಿ ಬಂದಿದ್ದೀವೋ. ಎರಡು ಸಲ ಆ ಬಾಟಲಿ ಬೇಕಾಯಿತು, ಒಮ್ಮೆ ತಿಪಟೂರಿನ ಹತ್ತಿರ, ಇನ್ನೊಮ್ಮೆ ಬೆಂಗಳೂರಿನೊಳಗೇ ಟ್ರಾಫಿಕ್ಕಿನಲ್ಲಿ. ಎರಡು ಸಲವೂ ಅಮ್ಮನೇ ತೆಗೆದು ತಿಂದು, ಆಮೇಲೆ ನನಗೆ ಹೇಳಿದ್ದು. ಗಾಡಿ ನಿಲ್ಲಿಸುವಷ್ಟರಲ್ಲಿ ಚಮಚ ಒರೆಸುತ್ತಿದ್ದಳು.

ಯುಗಾದಿಗೊಮ್ಮೆ, ದೀಪಾವಳಿಗೊಮ್ಮೆ ಪುಡಿ ಬದಲಾಯಿಸೋದು ಮಗಳ ಕೆಲಸ. ಹಳೇ ಪುಡಿಯನ್ನು ನೀರಿಗೆ ಹಾಕಿ ನಿಂಬೆಹಣ್ಣು ಹಿಂಡಿ ಅವಳೂ ತಮ್ಮನೂ ಕುಡೀತಾರೆ. ತಕ್ಕಡಿ ಇಟ್ಟುಕೊಂಡು ತೂಗುವಾಗ ಅಜ್ಜಿ ಪಕ್ಕದಲ್ಲೇ ಕೂತಿರಬೇಕು, "ಹದಿನೈದಕ್ಕಿಂತ ಒಂದು ಕಾಳು ಕಮ್ಮಿ ಆಗ್ಬಾರ್ದು ಪುಟ್ಟಿ" ಅಂತ ಹೇಳೋಕೆ. ಗ್ಲೋವ್ ಬಾಕ್ಸ್ ಯಾವಾಗ ಕ್ಲೀನ್ ಮಾಡ್ತೀರಾ ಅಂತ ಹೆಂಡತಿ ಕೇಳ್ತಾ ಇದಾಳೆ. ಮಾಡ್ತೀನಿ ಬಿಡಿ, ಅದಕ್ಕೇನು ಅರ್ಜೆಂಟು?